ಶಾಂತಕುಮಾರರ ಪಾಠ ನೋಡಿದ್ದು

ಪ್ರೇಮದ ಕಥೆ ಹೇಳುವಷ್ಟು ದೊಡ್ಡವಳಲ್ಲ ನಾನು. ಒಂದು ಸಾಲು ಬರೆದು ಮೂರು ಸಲ ಅಳಿಸುವವಳು. ಆದರೂ ಹೇಳಹೊರಟಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ಹೈಸ್ಕೂಲ್ ಟೀಚರ್ ಆಗಬೇಕೆಂದು ನಾನು ಕಲಬುರಗಿಯ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಓದುತ್ತಿದ್ದೆ. ಕರಜಗಿಯ ನಮ್ಮ ಮನೆಗೆ ಬಂದವರೆಲ್ಲ, "ಶೈಲಾ, ಆ ಭಾಷಾದಾಗ ಇಲ್ಲಿ ಯಾರ ಕೂಡ ಮಾತಾಡ್ತೀ ಬೇ?" ಎಂದು ನಗುತ್ತಿದ್ದರು. ನಾನು ಚಹಾ ತರಲು ಒಳಗೆ ಹೋಗುತ್ತಿದ್ದೆ.

ಕೊನೆಯ ವರ್ಷ ಪಾಠದ ಅಭ್ಯಾಸಕ್ಕೆ ನಮ್ಮನ್ನು ಇಬ್ಬಿಬ್ಬರಂತೆ ಶಾಲೆಗಳಿಗೆ ಕಳಿಸಿದರು. ಅಫಜಲಪುರದ ಒಂದು ಹೈಸ್ಕೂಲಿಗೆ ನಾನು ಮತ್ತು ಆಳಂದ ಕಡೆಯ ಖಜೂರಿಯ ಶಾಂತಕುಮಾರ. ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ವೀಕ್ಷಣೆ ಹಾಳೆ ತುಂಬಬೇಕು. ಅದನ್ನು ನೋಡಿಯೇ ಅಂಕ.

ನನ್ನ ಮೊದಲ ಪಾಠಕ್ಕೆ ಅವರು ಬರೆದದ್ದು: 'ಟೀಚರ್ ಬೋರ್ಡಿನ ಜೊತೆ ಮಾತಾಡುತ್ತಾರೆ. ದನಿ ಹಿಂದಕ್ಕೆ ಕೇಳಿಸುವುದಿಲ್ಲ.'

ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವರೇ ಬುತ್ತಿ ಬಿಚ್ಚಿ ಶೇಂಗಾ ಹಿಂಡಿಯನ್ನು, ನಮ್ಮ ಕಡೆಯ ಚಟ್ನಿಪುಡಿಯನ್ನು, ನನ್ನ ಕಡೆ ಸರಿಸಿದರು.

"ಸಿಟ್ಟೇನ್ರಿ?"

"ನನ್ನ ಪಾಠ ಅಷ್ಟು ಬ್ಯಾಸರ ಬಂತೇನ್ರಿ ನಿಮಗ?"

"ಬ್ಯಾಸರ ಅಲ್ರಿ." ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ನಿಮ್ಮ ದನಿ ಕೇಳಬೇಕಂತ ಭಾಳ ಆಸೆ ಇತ್ತು. ಕೇಳಲಿಲ್ಲ. ಅದಕ್ಕ ಬರ್ದೆ."

ನಾನು ತಲೆ ಎತ್ತಲಿಲ್ಲ. ಹಿಂಡಿ ಖಾರವೆಂದು ನೀರು ಕುಡಿದೆ. ಖಾರವೇನೂ ಇರಲಿಲ್ಲ.

ಮರುವಾರ ಅವರ ಪಾಠ. ಚೀಲದ ತುಂಬ ತರಕಾರಿ ತಂದಿದ್ದರು. ಬದನೆಕಾಯಿ ಎತ್ತಿ ಹಿಡಿದು ಅದರ ಫ್ರೆಂಚ್ ಹೆಸರು ಹೇಳುವಾಗ ಮಕ್ಕಳೆಲ್ಲ ಅವರನ್ನು ನೋಡುತ್ತಿದ್ದರು. ಅವರು ಹಿಂದಿನ ಬೆಂಚನ್ನು. ನಾನು ಪೆನ್ನು ನೋಡಿದೆ, ಕಿಟಕಿ ನೋಡಿದೆ. ತಿರುಗಿ ನೋಡಿದರೆ ಅವರ ಕಣ್ಣು ಇನ್ನೂ ನನ್ನ ಮೇಲೆಯೇ.

ಹಾಳೆಯಲ್ಲಿ 'ತರಗತಿಯ ಕಡೆ ದೃಷ್ಟಿ' ಎಂಬ ಸಾಲಿತ್ತು. ಸುಳ್ಳು ಬರೆಯಲು ನನ್ನಿಂದಾಗದು. ನಿಜ ಬರೆದರೆ ಅವರ ಅಂಕ ಹೋಗುತ್ತದೆ, ಬಹುಶಃ ಆ ನೋಟವೂ. ಕೊನೆಗೆ ಬರೆದೆ: 'ಪಾಠದುದ್ದಕ್ಕೂ ವೀಕ್ಷಕಿಯನ್ನೇ ನೋಡಿದರು.'

ನಮ್ಮ ಮಾರ್ಗದರ್ಶಕಿ ಸಾಯಿರಾ ಮೇಡಂ ಅದನ್ನು ಓದಿ ಕನ್ನಡಕ ತೆಗೆದರು. ಇಬ್ಬರೂ ಎದುರಿಗೇ ನಿಂತಿದ್ದೆವು.

"ಶಾಂತಕುಮಾರ, ಇದು ಖರೇ ಏನು?"

"ಖರೇ ರಿ, ಮೇಡಂ."

"ಎರಡು ಮಾರ್ಕ್ಸ್ ಕಟ್. ಹೇಳೋದೇನರ ಇದ್ರ ಹೊರಗ ಹೋಗಿ ಹೇಳು. ಪಾಠದಾಗ ಬ್ಯಾಡ."

ಹೊರಗೆ ಬೇವಿನ ನೆರಳಲ್ಲಿ ನನಗೆ ಅಳುವೇ ಬಂತು. "ನನ್ನಿಂದ ಮಾರ್ಕ್ಸ್ ಹೋತಲ್ರಿ."

"ಹೋಗ್ಲಿ ಬಿಡ್ರಿ. ನಾ ತಿಂಗಳಿಂದ ಹೇಳಲಾರದ್ದು ನೀವು ಬರ್ದು ಸಹಿ ಮಾಡಿ ಕೊಟ್ರಿ." ನಕ್ಕರು. ಆಮೇಲೆ ಆ ನಗು ನಿಂತಿತು. "ನೀವಂದ್ರ ನನಗ ಜೀವ ರಿ. ನಮ್ಮವ್ವನ್ನ ಕರಕೊಂಡು ನಿಮ್ಮ ಮನಿಗಿ ಬರ್ಲೇನ್ರಿ?"

"ಬರ್ರಿ," ಎಂದೆ. "ಐತ್ವಾರ ಅಪ್ಪ ಮನ್ಯಾಗ ಇರ್ತಾರ. ಮಧ್ಯಾಹ್ನದ ಮ್ಯಾಲ."

ಅಷ್ಟು ವಿವರ ಕೊಟ್ಟದ್ದಕ್ಕೆ ನನಗೇ ನಾಚಿಕೆಯಾಯಿತು.

ಬಂದರು. ಹಿರಿಯರು ಒಪ್ಪಿದ್ದಾರೆ, ಮೊದಲು ಒಬ್ಬರಿಗಾದರೂ ಕೆಲಸ ಸಿಗಲಿ ಎಂದಿದ್ದಾರೆ. ಜೇವರ್ಗಿಯ ಒಂದು ಶಾಲೆಗೆ ಫ್ರೆಂಚ್ ಟೀಚರ್ ಬೇಕಂತೆ, ಒಬ್ಬರೇ. ನಾವಿಬ್ಬರೂ ಒಂದೇ ಮೇಜಿಗೆ ಕೂತು ಅರ್ಜಿ ತುಂಬಿದೆವು. ಯಾರನ್ನು ಕರೆಯುತ್ತಾರೋ, ಉಳಿದವರು ಏನು ಮಾಡಬೇಕೋ, ನನಗಿನ್ನೂ ಗೊತ್ತಿಲ್ಲ.