ಕರೆಗುರುತು

ಸ್ಟೀಲಿನ ಪರಾತ ನೆಲಕ್ಕೆ ಬಿತ್ತು. ತಾನಾಗಿ ಬಿದ್ದದ್ದಲ್ಲ, ಬೀಳಿಸಿದ್ದು. ಡಾಕ್ಟರ್ ವಾಹಿದಾ ನದಾಫ್ ಅದನ್ನು ಎದೆಯೆತ್ತರದಿಂದ ಕೈಬಿಟ್ಟು, ಅದು ಗರಗರನೆ ಸುತ್ತಿ ಸದ್ದಡಗುವ ತನಕ ಕಾದು, ಮಂಚದ ಮೇಲೆ ಮಲಗಿದ್ದವನ ಮುಖ ನೋಡಿದರು. ರೆಪ್ಪೆ ಕೂಡ ಅಲುಗಲಿಲ್ಲ. ಸಹಾಯಕನೊಬ್ಬ ಕುಕ್ಕರಿನ ಸೀಟಿ ಕೂಗಿಸಿದ, ಗೋಡೆಗೆ ಡ್ರಿಲ್ ಹಿಡಿದ. ಕೊನೆಗೆ ಧ್ವನಿವರ್ಧಕದೊಳಗಿಂದ ಮದುವೆಯ ಬ್ಯಾಂಡಿನವರು ಬಂದು, ಕಿವಿಯ ಬುಡದಲ್ಲೇ ಮೆರವಣಿಗೆ ಮಾಡಿ, ಹೋದರು. ಹಣೆಗೆ ಬೂದುಬಣ್ಣದ ಪಟ್ಟಿ, ಎರಡೂ ಕಿವಿಗೆ ವಡೆಯಷ್ಟು ದಪ್ಪದ ಮೆತ್ತೆ ಕಟ್ಟಿಸಿಕೊಂಡಿದ್ದ ಗುರುಶಾಂತ ಕೊಟಬಾಗಿ ಬಾಯಿ ಅರೆತೆರೆದು ಮಲಗೇ ಇದ್ದ.

ಆಮೇಲೆ ಡಾಕ್ಟರು ಒಂದು ಗುಂಡಿ ಒತ್ತಿದರು. ಪಕ್ಕದ ಕೋಣೆಯಿಂದ, ಅಷ್ಟೇನೂ ಜೋರಿಲ್ಲದೆ, ಗಂಡಸೊಬ್ಬರು ಕರೆದ ದನಿ ಕೇಳಿತು.

"ಗುರ್ಯಾ. ಏ ಗುರ್ಯಾ."

"ಬಂದ್ನಿ ಯಪ್ಪಾ," ಎನ್ನುತ್ತ ಗುರುಶಾಂತ ಎದ್ದು ಕೂತ. ಕಾಲಿಗೆ ಚಪ್ಪಲಿ ಹುಡುಕಿದ ಮೇಲೆ ತಾನಿರುವುದು ಹುಬ್ಬಳ್ಳಿಯ ತನ್ನ ಮನೆಯಲ್ಲಲ್ಲ, ಧಾರವಾಡದ ಸುಷುಪ್ತಿ ಪ್ರಯೋಗಾಲಯದಲ್ಲಿ ಎಂಬುದು ನೆನಪಾಯಿತು.

"ಹೆಂಗನಸ್ತದ?" ಎಂದು ಡಾಕ್ಟರು ಕೇಳಿದರು.

"ಕುಂಭಕರ್ಣನ ಮನಿತನಕ ಹೋಗಿದ್ನಿ ನೋಡ್ರಿ ಮೇಡಂ. ಛಾ ಕುಡದ ಹೋಗು ಅಂದಾ. ಅಷ್ಟರಾಗ ನಮ್ಮಪ್ಪ ಕರದಾ."

ಡಾಕ್ಟರು ನಕ್ಕರು. ನಗು ಮುಗಿದ ಮೇಲೆ, "ನಿಮ್ಮ ತಂದೀ ದನಿ ಭಾಳ ಖಡಕ್ ಐತ್ರೀ. ಲಕ್ವಾ ಹೊಡದೋರ ದನಿ ಅನಸೂದುಲ್ಲ," ಎಂದರು.

"ಪೀಟಿ ಮಾಸ್ತರಲ್ರೀ," ಎಂದ ಗುರುಶಾಂತ. ಅದು ನಿಜವೇ ಆಗಿತ್ತು. ಡಾಕ್ಟರರ ಮಾತಿಗೆ ಉತ್ತರ ಮಾತ್ರ ಅದಾಗಿರಲಿಲ್ಲ.

ಹುಬ್ಬಳ್ಳಿಯ ಬಸ್ಸುಗಳಿಂದ ಚಾಲಕರೂ ಕಂಡಕ್ಟರರೂ ಕೊನೆಯ ಸಲ ಇಳಿದುಹೋಗಿ ಆಗ ಬಹಳ ವರ್ಷವಾಗಿತ್ತು. ಬಸ್ಸು ತಾನೇ ಓಡುತ್ತಿತ್ತು, ತಾನೇ ನಿಲ್ಲುತ್ತಿತ್ತು, ಇಂಪಾದ ಹೆಣ್ಣುದನಿಯಲ್ಲಿ 'ದಯವಿಟ್ಟು ಒಳಗೆ ಸರಿಯಿರಿ' ಎಂದು ಬೇಡಿಕೊಳ್ಳುತ್ತಿತ್ತು. ದಯವಿಟ್ಟು ಅಂದರೆ ಯಾರು ಸರಿಯುತ್ತಾರೆ? ಮಂದಿ ಬಾಗಿಲಲ್ಲೇ ಜೋತುಬಿದ್ದರು. ಕಡೆಗೆ ಬಸ್ಸಿನ ಕಂಪನಿಯವರು ಗುರುಶಾಂತನನ್ನು ಹುಡುಕಿ ತಂದು ನಿಯಂತ್ರಣ ಕೊಠಡಿಯ ಪರದೆಗಳ ಮುಂದೆ ಕೂರಿಸಿದರು. ಅವನು ಊರಿಗೆಲ್ಲ ಗೊತ್ತಿದ್ದ ಮಿಮಿಕ್ರಿಯವನು. ಹಳೆಯ ಕಂಡಕ್ಟರರ ಗಂಟಲು ಒಂದೊಂದನ್ನೂ ಬಲ್ಲವನು. "ಏ ಕಣ್ಣಿಗೆ ಚಾಳೀಸ ಹಾಕ್ಕೊಂಡಾವ್ರ, ಒಳಗ ನಡೀರಿ, ಅಲ್ಲೇನ್ ಬಾಸಿಂಗ ಕಟಗೊಂಡ ನಿಂತೀರಿ?" ಎಂದು ಅವನ ದನಿ ಬಸ್ಸಿನೊಳಗೆ ಗದರಿದರೆ ಮಂದಿ ನಗುತ್ತ ಒಳಗೆ ಸರಿಯುತ್ತಿದ್ದರು. ಬಾಗಿಲು ಮುಚ್ಚುವ ಕೊನೆಯ ಅಪ್ಪಣೆಯೂ ಅವನದೇ.

ಅದು ರಾತ್ರಿ ಪಾಳಿಯ ಕೆಲಸ. ರಾತ್ರಿ ಅಪ್ಪನ ಬಳಿ ಓಣಿಯ ನಿವೃತ್ತ ವಾರ್ಡ್‌ಬಾಯ್ ಒಬ್ಬ ಮಲಗುತ್ತಿದ್ದ. ಹಗಲು ಗುರುಶಾಂತನದು. ಮದುವೆಯಾಗಿರಲಿಲ್ಲ, ಅಕ್ಕ ನೀಲಮ್ಮ ಗದಗಿನಲ್ಲಿ ತನ್ನ ಸಂಸಾರದೊಂದಿಗಿದ್ದಳು. ಮುಂಜಾನೆ ಬಂದು ಅಪ್ಪನಿಗೆ ಉಣಿಸಿ, ಒರೆಸಿ, ಎದುರಿನ ಕಾಟಿನ ಮೇಲೆ ಬಿದ್ದುಕೊಂಡರೆ ನಿದ್ದೆ ಚಿಲ್ಲರೆ ಚಿಲ್ಲರೆಯಾಗಿ ಬರುತ್ತಿತ್ತು. ನೀರು ಬೇಕು. ಉಚ್ಚೆಗೆ ಬಾಟಲಿ ಹಿಡಿಯಬೇಕು. ನೊಣ ಕೂತಿದೆ. ಮಗ್ಗುಲು ಹೊರಳಿಸಬೇಕು. ಅಪ್ಪ ಕರೆಯದಿದ್ದಾಗ ತರಕಾರಿ ಗಾಡಿಯವನು ಕರೆಯುತ್ತಿದ್ದ. ಅಪ್ಪ ಮಡಿವಾಳಪ್ಪ ಮಾಸ್ತರು ಮೂವತ್ತು ವರ್ಷ ಮಕ್ಕಳಿಗೆ ಹೈಜಂಪು ಲಾಂಗ್‌ಜಂಪು ಕಲಿಸಿದವರು. ಮಗನಿಗೆ ಸಿಕ್ಕದ್ದು ಬರೀ ಜೊಂಪು. ರಾತ್ರಿ ಬಸ್ಸಿಗೆ ಮಂದಿ ಹತ್ತುವ ಹೊತ್ತಿಗೆ ಅವನಿಗೆ ನಿದ್ದೆ ಹತ್ತುತ್ತಿತ್ತು.

ಒಂದು ಬೆಳಗಿನ ಜಾವ ಅವನು ಕೂತಲ್ಲೇ ತೂಕಡಿಸಿದ, ಕೈ ಗುಂಡಿಯ ಮೇಲೆ ಬಿತ್ತು, ಉಣಕಲ್ ನಿಲ್ದಾಣದಲ್ಲಿ ಇಳಿಯುತ್ತಿದ್ದ ಮುದುಕಿಯೊಬ್ಬಳ ಕಾಲು ಬಾಗಿಲಲ್ಲಿ ಸಿಕ್ಕಿಕೊಂಡಿತು. ಬಸ್ಸು ನಿಲ್ಲುವಷ್ಟರಲ್ಲಿ ಮೂಳೆ ಮುರಿದಿತ್ತು. ಪರದೆಯ ಮೇಲೆ ಅವಳ ಬಾಯಿ ತೆರೆದದ್ದನ್ನು ಅವನು ನೋಡಿದ. ಕಂಪನಿಯವರು ಇನ್ನೊಂದು ಸಲ ಹೀಗಾದರೆ ಮನೆಗೆ ಹೋಗಬೇಕಾಗುತ್ತದೆ ಎಂದರು. ಅವನಿಗೆ ಅದಕ್ಕಿಂತ ಆ ಬಾಯಿಯೇ ಹೆಚ್ಚು ಕಾಡಿತು. ಮರುದಿನ ಸುಷುಪ್ತಿಗೆ ಹೋದ.

"ನಿದ್ದಿ ಅಂದ್ರ ಪಾವಟಿಗಿ ಇರೋ ಬಾವಿ ಇದ್ದಂಗ," ಎಂದು ಡಾಕ್ಟರ್ ನದಾಫ್ ಅವನಿಗೆ ತಿಳಿಸಿಹೇಳಿದ್ದರು. "ನೀವು ಇಳಿಯಾಕ ಹತ್ತಿರ್ತೀರಿ, ಯಾರರ ಕರೀತಾರ, ಮ್ಯಾಲ ಬರ್ತೀರಿ. ಮತ್ತ ಮೊದಲನೇ ಪಾವಟಿಗಿಯಿಂದ ಶುರು. ದಿನಾ ಎಂಟ ತಾಸ ಹಾಸಿಗ್ಯಾಗ ಇದ್ರೂ ನೀರ ಮುಟ್ಟೂದುಲ್ಲ."

ಬಾವಿಯ ತಳದ ಆ ನೀರಿಗೆ ಅವರ ಶಾಸ್ತ್ರದಲ್ಲಿ ಮಂದತರಂಗ ನಿದ್ರೆ ಎಂದು ಹೆಸರು. ಮಿದುಳಿನ ವಿದ್ಯುತ್ತು ಆಗ ಉದ್ದುದ್ದ ಅಲೆಗಳಾಗಿ, ನಿಧಾನವಾಗಿ ಏಳುತ್ತ ಬೀಳುತ್ತ ಇರುತ್ತದೆ. ದಿನದ ಕಸವನ್ನು ಮಿದುಳು ತೊಳೆದುಕೊಳ್ಳುವುದು ಆ ಹೊತ್ತಿನಲ್ಲೇ. ಹಣೆಯ ಪಟ್ಟಿ ಒಂದೊಂದು ಅಲೆಯೂ ಏಳುವ ಗಳಿಗೆಯನ್ನು ಹಿಡಿದು, ಜೋಕಾಲಿಯನ್ನು ತಳ್ಳಿದಂತೆ, ಒಂದು ಸಣ್ಣ ಮಿಡಿತ ಕೊಡುತ್ತಿತ್ತು. ಅಲೆ ಇನ್ನಷ್ಟು ಎತ್ತರವಾಗಿ, ನಿದ್ದೆ ಇನ್ನಷ್ಟು ಆಳವಾಗುತ್ತಿತ್ತು. ಕಿವಿಯ ಮೆತ್ತೆಗಳಲ್ಲಿದ್ದದ್ದು ಧ್ವನಿಜರಡಿ. ಹೊರಗಿನಿಂದ ಬಂದ ಪ್ರತಿ ಸದ್ದಿಗೂ ಅದು ಸರಿಯಾಗಿ ಎದುರು ಸದ್ದು ಹುಟ್ಟಿಸಿ ಎರಡನ್ನೂ ಅಳಿಸಿಬಿಡುತ್ತಿತ್ತು. ಹಾಗಾದರೆ ಏಳಬೇಕಾದಾಗ ಏಳುವುದು ಹೇಗೆ? ಅದಕ್ಕೇ ಕರೆಗುರುತು. ಯಾರು ಕರೆದರೆ ಏಳಬೇಕೋ ಅವರ ದನಿಯನ್ನು ಮೊದಲೇ ಜರಡಿಗೆ ಕಲಿಸಬೇಕು. ಹೊಗೆಯ ಗಂಟೆ ಬಿಟ್ಟರೆ, ಆ ಒಂದು ದನಿಗೆ ಮಾತ್ರ ಅದು ದಾರಿ ಬಿಡುತ್ತಿತ್ತು.

ದನಿ ಹಿಡಿಯುವ ಬಿಲ್ಲೆಯನ್ನು ಗುರುಶಾಂತ ಮನೆಗೆ ತಂದು ಅಪ್ಪನ ಬಾಯಿಯ ಹತ್ತಿರ ಇಟ್ಟಿದ್ದ. "ದಿನಾ ಕರದಂಗ ಕರಿ ಯಪ್ಪಾ."

ಮಾಸ್ತರು ಬಿಲ್ಲೆಯನ್ನು ನೋಡಿದರು. ಒಂದು ಕಾಲಕ್ಕೆ ಅವರು 'ಸಾವಧಾನ್' ಎಂದರೆ ಮೈದಾನದಾಚೆ ಎಮ್ಮೆ ಕಾಯುವವರೂ ಕಾಲು ಜೋಡಿಸುತ್ತಿದ್ದರಂತೆ. ಲಕ್ವಾ ಹೊಡೆದ ಮೇಲೆ ಆ ಗಂಟಲಿನಿಂದ ಮಗನ ಹೆಸರು ಹೊರಟರೆ "ಉಯ್ಯಾ" ಎಂದಷ್ಟೇ, ಅದೂ ಒದ್ದೆ ಬಟ್ಟೆ ಹಿಂಡಿದಂತೆ. ಮನೆಯ ಗೋಡೆಗೆ ಅದು ಕೇಳಿದರೆ ನಡೆದೀತು, ಪರರ ಯಂತ್ರಕ್ಕೆ ಕೇಳಿಸಲು ಅವರು ಒಪ್ಪಲಿಲ್ಲ. ತುಟಿ ಬಿಗಿದುಕೊಂಡು ಗೋಡೆಯ ಕಡೆ ತಿರುಗಿದರು.

ಗುರುಶಾಂತ ಒತ್ತಾಯ ಮಾಡಲಿಲ್ಲ. ಅಡುಗೆಮನೆಗೆ ಹೋಗಿ, ಬಿಲ್ಲೆ ಹಿಡಿದು, ಗಂಟಲು ಸರಿಮಾಡಿಕೊಂಡು ತಾನೇ ಕರೆದ. ಅಪ್ಪನ ಹಳೆಯ ದನಿ ಅವನಿಗೆ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನ ದಿನಗಳಿಂದಲೂ ಬಾಯಿಪಾಠ. ಎದೆಯಿಂದ ಎದ್ದು ಮೂಗಿನ ಹತ್ತಿರ ತಿರುಗಿ ಹೊರಡುವ ದನಿ. "ಗುರ್ಯಾ. ಏ ಗುರ್ಯಾ." ಬೇರೆ ಬೇರೆ ಏರಿಳಿತದಲ್ಲಿ ಹಲವು ಸಲ ಕರೆದ. ಹೊರಗೆ ಬಂದು ನೋಡಿದರೆ ಮಾಸ್ತರು ಈ ಕಡೆ ತಿರುಗಿದ್ದರು. ಅರ್ಧ ಮುಖ ನಗುತ್ತಿತ್ತು. ಅಪ್ಪನಿಗೆ ಅಪ್ಪನ ದನಿಯನ್ನು ತಿರುಗಿ ತಂದುಕೊಟ್ಟೆನೆಂದು ಗುರುಶಾಂತನಿಗೆ ಎಷ್ಟು ಹಿತವಾಯಿತೆಂದರೆ, ಮಾಡಿದ್ದು ತಪ್ಪೋ ಸರಿಯೋ ಎಂದು ನೋಡಲು ಮನಸ್ಸು ಹೋಗಲೇ ಇಲ್ಲ. ಹೆಸರು ಅದೇ, ಕರೆಯುವ ಧಾಟಿ ಅದೇ, ಇನ್ನೇನು ಬೇಕು ಯಂತ್ರಕ್ಕೆ ಅಂದುಕೊಂಡ.

ಧಾರವಾಡದ ಪರೀಕ್ಷೆ ಮುಗಿದು ಪಟ್ಟಿ ಮನೆಗೆ ಬಂತು. ಮೊದಲ ವಾರದಲ್ಲೇ ಗುರುಶಾಂತನ ಕಣ್ಣಿನ ಕೆಂಪು ಇಳಿಯಿತು. ನಿಯಂತ್ರಣ ಕೊಠಡಿಯಲ್ಲಿ ಅವನ ಜೋಕುಗಳಿಗೆ ಮತ್ತೆ ಖಾರ ಬಂತು. ಒಂದೇ ಅಡಚಣೆ: ಮಧ್ಯಾಹ್ನ ಎದ್ದು ನೋಡಿದರೆ ಅಪ್ಪನ ಹಾಸಿಗೆ ಒದ್ದೆಯಾಗಿರುತ್ತಿತ್ತು. ಒಂದು ದಿನ, ಎರಡು ದಿನ ಸುಮ್ಮನೆ ಬದಲಿಸಿದ. ಆಮೇಲೊಂದು ದಿನ ಚಾದರ ಎಳೆಯುತ್ತ, ಅಪ್ಪನದೇ ಮೈದಾನದ ಗತ್ತನ್ನು ತಂದುಕೊಂಡು, "ಏನ್ರೀ ಮಾಸ್ತರ, ಒಂದ ಸರ್ತಿ ಕರದಿದ್ರ ನಾ ಎದ್ದ ಬರ್ತಿದ್ದಿಲ್ಲೇನು? ಕರೀಲಿಕ್ಕೆ ಏನ ಧಾಡಿ?" ಎಂದ.

ಮಾಸ್ತರು ಮಗನ ಮುಖವನ್ನು ಬಹಳ ಹೊತ್ತು ನೋಡಿದರು.

ಅಂದಿನಿಂದ ಹಾಸಿಗೆ ಒಣಗಿತು. ಮಧ್ಯಾಹ್ನ ಎದ್ದಾಗ ಅಪ್ಪ ಶಾಂತವಾಗಿ, ಕರೆಯದೆ, ಮಿಸುಕದೆ ಮಲಗಿರುತ್ತಿದ್ದರು. "ನಮ್ಮಪ್ಪ ಸುಧಾರಿಸ್ಯಾನ," ಎಂದು ಗುರುಶಾಂತ ಕೆಲಸದಲ್ಲಿ ಎಲ್ಲರಿಗೂ ಹೇಳಿದ. ಡಾಕ್ಟರ್ ನದಾಫರಿಗೂ ಫೋನು ಮಾಡಿ ಹೇಳಿದ. ಅವರಿಗೂ ಸಂತೋಷವಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ನೀಲಮ್ಮ ಅಪ್ಪನನ್ನು ನೋಡಲು ಗದಗಿನಿಂದ ಬಂದಳು. ತಮ್ಮ ಪಟ್ಟಿ ಕಟ್ಟಿಕೊಂಡು ಮಲಗಿದ ಮೇಲೆ ಅವಳು ಅಪ್ಪನಿಗೆ ನೀರು ಕೊಡಹೋದಳು. ಮಾಸ್ತರು ತುಟಿ ಒದ್ದೆ ಮಾಡಿಕೊಂಡು ಲೋಟ ಸರಿಸಿದರು. ತುಟಿ ಬಿರಿದಿತ್ತು. ಸ್ವಲ್ಪ ಹೊತ್ತಿನ ನಂತರ ನೋಡಿದರೆ ಆಡುವ ಒಂದು ಕೈಯಿಂದ ಮಂಚದ ಅಂಚನ್ನು ಹಿಡಿದು, ಹಣೆಯ ಮೇಲೆ ಬೆವರು ತಂದುಕೊಂಡು, ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು. ಹೊದಿಕೆ ಸರಿಸಿ ಮುಟ್ಟಿದಳು. ಹೊಟ್ಟೆಯ ಕೆಳಭಾಗ ಕಲ್ಲಾಗಿತ್ತು. ಮೈ ಸುಡುತ್ತಿತ್ತು.

ಅವಳು ಅಪ್ಪನಿಗೆ ಬಾಟಲಿ ಹಿಡಿದಳು, ಅವರ ತೊದಲನ್ನು ಕಿವಿಯಿಟ್ಟು ಕೇಳಿದಳು, ಆಮೇಲೆ ಬಂದು ತಮ್ಮನ ತಲೆಯಿಂದ ಪಟ್ಟಿಯನ್ನು ಕಿತ್ತಳು.

"ಅಪ್ಪ ನಿನ್ನ ಕರೀತಿದ್ನಂತಲೋ."

"ಯಾವಾಗ?" ಗುರುಶಾಂತ ಕಣ್ಣುಜ್ಜಿಕೊಂಡ.

"ನೀ ಇದನ್ನ ತಂದ ಹೊಸದರಾಗ. ದಿನಾ ಕರದನಂತ. ನೀ ಎದುರಿಗೇ ಮಲಗಿರ್ತಿದ್ದಿಯಂತ, ಏಳಲಿಲ್ಲಂತ."

"ನನಗ ಕೇಳಿಸಿಲ್ಲಕ್ಕಾ. ಆಣಿ ಮಾಡ್ತೀನಿ."

"ಕೇಳಿಸಿಲ್ಲಂದ್ರ ಕರೀಲಿಕ್ಕೆ ಏನ ಧಾಡಿ ಅಂತ ಯಾಕ ಅಣಕಿಸಿದಿ ಅವನ್ನ?" ನೀಲಮ್ಮನ ದನಿ ಏರಲಿಲ್ಲ. "ಅಂವಗ ನಾ ಸಾಕಾಗೀನಿ, ಅದನ್ನ ಹಂಗ ಹೇಳ್ಯಾನ ಅಂದಾ ಅಪ್ಪ. ಅದಕ್ಕ ದಿನಾ ಮುಂಜಾನಿಂದ ನೀರ ಕುಡಿಯೂದ ಬಿಟ್ಟಾನ. ಕುಡದ್ರ ಬರ್ತದಲ್ಲ."

ಗುರುಶಾಂತ ಅಪ್ಪನ ಕಡೆ ನೋಡಿದ. ಅವರು ಛಾವಣಿ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಮೂತ್ರಪಿಂಡಕ್ಕೆ ನಂಜೇರಿದೆ ಎಂದರು. ಮಾಸ್ತರು ಬದುಕಿ ಮನೆಗೆ ಬಂದರು, ಅರ್ಧ ಆಳಾಗಿ. ಗುರುಶಾಂತ ಫೋನು ಮಾಡಿದ್ದಕ್ಕೆ ಆ ದಿನವೇ ಡಾಕ್ಟರ್ ನದಾಫ್ ಧಾರವಾಡದಿಂದ ಬಂದರು. ಗುರುಶಾಂತನನ್ನು ಎಚ್ಚರದಲ್ಲೇ ಪಟ್ಟಿ ಕಟ್ಟಿ ಕಾಟಿನ ಮೇಲೆ ಕೂರಿಸಿ, ಮಾಸ್ತರರಿಗೆ, "ಅಜ್ಜಾರ, ಮಗನ್ನ ಕರೀರಿ," ಎಂದರು.

ಗುರುಶಾಂತ ನೋಡಿದ. ಅಪ್ಪನ ಬಾಯಿ ಒಂದು ಕಡೆ ಎಳೆದುಕೊಂಡು ತೆರೆಯಿತು. ಕೊರಳ ನರ ಬಿಗಿದವು. ಬಾಯಿ ಮುಚ್ಚಿತು. ಮತ್ತೆ ತೆರೆಯಿತು. ಸದ್ದೇ ಇಲ್ಲ. ಬಸ್ಸಿನ ಬಾಗಿಲಲ್ಲಿ ಸಿಕ್ಕ ಮುದುಕಿಯ ಬಾಯಿಗೂ ಪರದೆಯ ಮೇಲೆ ಸದ್ದಿರಲಿಲ್ಲ. ಆಮೇಲೆ ಡಾಕ್ಟರು ತಾವು ತಂದಿದ್ದ ಕರೆಗುರುತನ್ನು ಹಾಕಿದರು. "ಏ ಗುರ್ಯಾ" ಎಂಬುದು ಗಂಟೆ ಬಡಿದಷ್ಟು ಸ್ಪಷ್ಟವಾಗಿ ಕೇಳಿತು.

ಡಾಕ್ಟರೇ ಪಟ್ಟಿ ಬಿಚ್ಚಿದರು. "ಇದು ಯಾರ ದನಿ?"

"ನಂದ್ರೀ."

ಅವರು ಕುರ್ಚಿಯ ಮೇಲೆ ಕುಳಿತುಕೊಂಡರು. "ಬೆಂಕಿ, ಕಳ್ಳ, ಗ್ಯಾಸು, ಕರೆಂಟ್ ಹೋಗೂದು, ಎಲ್ಲಾ ಯೋಚನಿ ಮಾಡಿದ್ವಿ ನಾವು. ಇನ್ನೊಬ್ಬರ ದನಿ ತಗದು ಯಾರರ ಮೋಸದಿಂದ ಎಬ್ಬಸ್ತಾರ ಅಂತನೂ ಮಾಡಿದ್ವಿ. ಪ್ರೀತಿಗೆ ಹಿಂಗ ಮಾಡ್ತಾರ ಅಂತ ಹೊಳೀಲಿಲ್ಲ." ಪಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು: "ನಾನೂ ಮನಿಗೆ ಬಂದು ಕೇಳಬೇಕಿತ್ತು. ಖಡಕ್ ಐತಿ ಅಂದು ಬಿಟ್ಟೆ."

"ಈಗ ಸರಿ ಮಾಡಬಹುದಲ್ರೀ?"

"ಯಂತ್ರ? ಅರ್ಧ ತಾಸಿನ ಕೆಲಸ."

ಅರ್ಧ ತಾಸಿನಲ್ಲಿ ಆಯಿತು. ಮಾಸ್ತರು ಈ ಸಲ ನಾಚಲಿಲ್ಲ, ಹೇಳಿದಷ್ಟು ಸಲ ಕರೆದರು. ಗುರುಶಾಂತ ಅವರ ಕೈ ಹಿಡಿದುಕೊಂಡು, ಯಂತ್ರ ನಿನ್ನ ದನಿಯನ್ನು ಗುರುತಿಸಿರಲಿಲ್ಲ, ನನಗೆ ನಿಜವಾಗಿ ಕೇಳಿರಲಿಲ್ಲ ಎಂದು ಮತ್ತೆ ಮತ್ತೆ ಹೇಳಿದ. ಚಿಕ್ಕಂದಿನಿಂದ ಊರಿಗೆಲ್ಲ ಬಣ್ಣಬಣ್ಣದ ದನಿಯಲ್ಲಿ ಕಥೆ ಕಟ್ಟಿ ಹೇಳಿದ ಮಗ ಹೇಳಿದ ಆ ಕಥೆಯನ್ನೂ ಮಾಸ್ತರು ಕೊನೆಯವರೆಗೆ ಕೇಳಿದರು. "ತಿಯೀತು," ಎಂದರು. ತಿಳಿಯಿತು ಎಂದು.

ನೀಲಮ್ಮ ಊರಿಗೆ ಹೋದ ಮರುದಿನ ಗುರುಶಾಂತ ಪಟ್ಟಿ ಕಟ್ಟಿಕೊಂಡು ಮಲಗಿದ. ಆಳವಾದ, ಒಳ್ಳೆಯ ನಿದ್ದೆ. ಎದ್ದು ನೋಡಿದರೆ ಮಧ್ಯಾಹ್ನ. ತುಂಬಿಟ್ಟ ನೀರಿನ ಲೋಟ ಹಾಗೇ ಇತ್ತು.

"ಕರದಿಲ್ಲ ಯಪ್ಪಾ?"

ಮಾಸ್ತರು ತಲೆಯಾಡಿಸಿದರು. ಬೇಕಾಗಲಿಲ್ಲ ಎಂಬಂತೆ.

ಮರುದಿನವೂ ಅಷ್ಟೇ. ಗುರುಶಾಂತ ಡಾಕ್ಟರಿಗೆ ಫೋನು ಮಾಡಿದ. ಅವರು ಪಟ್ಟಿಯನ್ನು ದೂರದಿಂದಲೇ ಪರೀಕ್ಷಿಸಿ, "ಪಟ್ಟಿ ಸರಿ ಐತ್ರೀ. ಕರೆ ಬಂದಿಲ್ಲ," ಎಂದರು.

"ಮನುಷ್ಯಾ ಕರೀಬೇಕು ಅನಕೊಂಡು ಕರೀಲಾರದ ಸುಮ್ಮಿರ್ತಾನಲ್ರೀ. ಅದನ್ನ ಹಿಡಿಯೂವಂಥಾದ್ದು ಏನರ ಐತೇನ್ರೀ ನಿಮ್ಮ ಹಂತೇಕ?"

"ಇಲ್ರೀ," ಎಂದರು ಡಾಕ್ಟರು.

ಅವನು ಪಟ್ಟಿಯನ್ನು ಪೆಟ್ಟಿಗೆಗೆ ಹಾಕಿದ. ಹಾಸಿಗೆಯನ್ನು ಅಪ್ಪನ ಮಂಚದ ಬುಡಕ್ಕೇ ಎಳೆದುಕೊಂಡು ಅಡ್ಡಾದ. ಓಣಿಯ ಸದ್ದೆಲ್ಲ ಒಳಗೆ ಬಂತು: ತರಕಾರಿಯವನು, ಯಾರದೋ ಕುಕ್ಕರು, ಯಾರದೋ ಜಗಳ. ಅವನು ಅದೆಲ್ಲದರ ನಡುವೆ ಒಂದೇ ಸದ್ದಿಗಾಗಿ ಕಿವಿಗೊಟ್ಟು ಮಲಗಿದ. ಬಿಸಿಲು ಕಿಟಕಿಯಿಂದ ಸರಿದು ಗೋಡೆಗೆ ಹೋಯಿತು. ಆ ಸದ್ದು ಬರಲಿಲ್ಲ.

ಕೊನೆಗೆ ತಾನೇ ಎದ್ದ. ಮಾಸ್ತರು ಕಣ್ಣು ಮುಚ್ಚಿ ಉಸಿರಾಡುತ್ತಿದ್ದರು, ಒಂದೇ ಅಳತೆಯಲ್ಲಿ, ಕೊಂಚ ಗೊರಕೆಯೊಂದಿಗೆ. ನಕಲನ್ನು ಗುರುತಿಸಲು ಗುರುಶಾಂತನಿಗೆ ಯಾರೂ ಕಲಿಸಬೇಕಿರಲಿಲ್ಲ. ನಿಜವಾಗಿ ಮಲಗಿದವನ ಉಸಿರು ಹೊರಹೋದ ಮೇಲೆ ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ. ಇದು ನಿಲ್ಲುತ್ತಿರಲಿಲ್ಲ. ಮಂಚದ ಅಂಚು ಹಿಡಿದ ಬೆರಳ ಗೆಣ್ಣು ಬೆಳ್ಳಗಾಗಿತ್ತು.

ಅವನು ಬಾಟಲಿ ತಂದು ಮಂಚದ ಪಕ್ಕ ನಿಂತ. "ಯಪ್ಪಾ," ಎಂದ, ತನ್ನದೇ ದನಿಯಲ್ಲಿ.

ಮಾಸ್ತರು ಕಣ್ಣು ತೆರೆಯಲಿಲ್ಲ. ಎಳೆದುಕೊಂಡ ಬಾಯಿಯಿಂದ ಒಂದೊಂದೇ ಅಕ್ಷರವನ್ನು ಹೊರಡಿಸಿದರು.

"ನೀ ಮಯಗು. ದಣದಿ-ತೀ." ಮಲಗು, ದಣಿದಿರುತ್ತೀ ಎಂದು.

ಗುರುಶಾಂತ ಬಾಟಲಿ ಹಿಡಿದುಕೊಂಡು ನಿಂತೇ ಇದ್ದ.