ಒಂದು ಡಜನ್ ಸ್ಟಾಕಿಂಗ್ಸ್

ಹೆಂಗಸರ ಸ್ಟಾಕಿಂಗ್ಸನ್ನು ಬೆಳಕಿಗೆ ಹಿಡಿದು, ನಾಲ್ಕೂ ಕಡೆಗೆ ಎಳೆದೆಳೆದು ನೋಡುವ ಗಂಡಸನ್ನು ಅವಳು ತನ್ನ ಅಂಗಡಿಯಲ್ಲಿ ಅದುವರೆಗೆ ಕಂಡಿರಲಿಲ್ಲ.

"ನಿಮ್ಮನೆಯವರ ಸೈಜ್ ಹೇಳಿ ಸಾರ್, ಸುಲಭ ಆಗುತ್ತೆ."

"ಸೈಜ್ ಯಾವುದಾದ್ರೂ ಪರವಾಗಿಲ್ಲ ಮೇಡಂ," ಎಂದ ಅವನು, ಕಣ್ಣು ಬಟ್ಟೆಯ ಮೇಲೇ ನೆಟ್ಟು. "ಎರಡೂ ಕಡೆ ಒಂದೇ ಥರ ಹಿಗ್ಗಬೇಕು. ನಡುವೆ ಹೊಲಿಗೆ ಇರಬಾರದು."

ಹೆಂಡತಿಯ ಅಳತೆ ಗೊತ್ತಿಲ್ಲ, ಹೊಲಿಗೆಯ ಚಿಂತೆ ಮಾತ್ರ ಹತ್ತಿದೆ! ಅವಳು ನಗು ತಡೆದುಕೊಂಡು ಪ್ಯಾಕ್ ಮಾಡಿಕೊಟ್ಟಳು.

ಆಮೇಲೆ ಅವನು ವಾರವಾರವೂ ಬಂದ. ಹೊಸ ಸ್ಟಾಕ್ ಬಂದರೆ ಒಳ್ಳೆಯದನ್ನು ಅವನಿಗೆಂದೇ ಎತ್ತಿಡುವುದು ಅವಳಿಗೆ ರೂಢಿಯಾಯಿತು. ಅವನು ಬರುವ ದಿನ ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚು ನಿಲ್ಲುತ್ತಿದ್ದಳು. ಮದುವೆಯಾದವನಿಗಾಗಿ ಇದೆಲ್ಲ ಯಾಕೆ ಎಂದು ತನ್ನನ್ನೇ ಬೈದುಕೊಳ್ಳುತ್ತಲೂ ಇದ್ದಳು.

ಅಷ್ಟರಲ್ಲಿ ಅಕ್ಕ ಒಂದು ಸಂಬಂಧ ತಂದಳು. ಒಳ್ಳೆಯ ಮನೆತನ, ಒಳ್ಳೆಯ ಕೆಲಸ. "ಇವತ್ತು ಸಂಜೆಯೊಳಗೆ ಹೂಂ ಅಥವಾ ಉಹೂಂ, ಎರಡರಲ್ಲಿ ಒಂದು ಹೇಳಿಬಿಡು," ಎಂದು ಬೆಳಿಗ್ಗೆಯೇ ಅಪ್ಪಣೆಯಾಗಿತ್ತು. ಹೂಂ ಅನ್ನುವುದೆಂದು ಅವಳು ಹೆಚ್ಚುಕಡಿಮೆ ನಿರ್ಧರಿಸಿಯೇ ಇದ್ದಳು. ಮಧ್ಯಾಹ್ನ ಅವನ ಫೋನ್ ಬಂತು. ಒಂದು ಡಜನ್ ಬೇಕು, ಈಗಲೇ ಬೇಕು, ತಾನು ಬರುವ ಹಾಗಿಲ್ಲ.

ಅವಳು ಅಂಗಡಿಯ ಬಾಗಿಲೆಳೆದು, ಅವನು ಹೇಳಿದ ಮನೆಯ ವಿಳಾಸ ಹಿಡಿದು ತಾನೇ ಹೊರಟಳು. ಆ ಪುಣ್ಯವಂತೆಯ ಮುಖ ಒಂದು ಸಲ ನೋಡಿಬಿಟ್ಟರೆ ಅಕ್ಕನಿಗೆ ಉತ್ತರ ಹೇಳುವುದು ಸುಲಭವಾಗುತ್ತದೆ ಎಂದು ಅವಳ ಲೆಕ್ಕಾಚಾರ.

ಬಾಗಿಲು ತೆರೆದೇ ಇತ್ತು. ಒಳಗೆ ಪುಣ್ಯವಂತೆ ಯಾರೂ ಇರಲಿಲ್ಲ. ಉದ್ದನೆಯ ಮೇಜಿನ ತುಂಬ ಅಂಗೈಯಗಲದ ಚಾವಣಿಗಳು: ಕಡ್ಡಿಯ ಕಂಬ, ದಾರದ ಹಗ್ಗ, ಮೇಲೆ ಬಿಗಿದು ನಿಂತ ಅವಳ ಅಂಗಡಿಯ ಸ್ಟಾಕಿಂಗ್ಸ್. ಕೆಲವು ಹರಿದಿದ್ದವು.

"ಬಂದ್ರಾ! ದೇವರು ಬಂದ ಹಾಗೆ ಬಂದ್ರಿ. ಈ ಎರಡು ಮೂಲೆ ಹಿಡ್ಕೊಳ್ಳಿ. ಅಂಟು ಒಣಗೋವರೆಗೂ ಬಿಡಬೇಡಿ, ಬಿಟ್ರೆ ಎಲ್ಲಾ ಸುಕ್ಕು!"

ಅವಳು ಹಿಡಿದಳು. ಎದುರಿನ ಮೂಲೆಗಳಿಗೆ ಪಿನ್ನು ಚುಚ್ಚುತ್ತ ಅವನು ವಿವರಿಸಿದ. ಆಸ್ಪತ್ರೆಯ ಅಂಗಳದಲ್ಲಿ ಬಿಸಿಲಲ್ಲಿ ಕಾಯುವವರಿಗೆ ಬಟ್ಟೆಯ ಚಾವಣಿ ಬರಲಿದೆ, ಅದರ ವಿನ್ಯಾಸ ತನ್ನದು. ಮೊದಲು ಈ ಪುಟ್ಟ ಮಾದರಿ ಫ್ಯಾನಿನ ಗಾಳಿಗೆ ನಿಲ್ಲಬೇಕು, ಆಮೇಲೆ ದೊಡ್ಡದು.

"ಹಾಗಾದ್ರೆ ನಾನು ಕೊಟ್ಟಿದ್ದೆಲ್ಲಾ ಇದಕ್ಕಾ?"

"ಮತ್ತೆ? ನೀವೇನಂದ್ಕೊಂಡ್ರಿ?"

"ನಿಮ್ಮ ಹೆಂಡ್ತಿಗೆ ಅಂತ."

"ಹೆಂಡ್ತಿನಾ? ನನಗಾ?" ಅವನ ಕಿವಿ ಕೆಂಪಾಯಿತು. ಆಮೇಲೆ ಮೇಜು ಅಲುಗುವಂತೆ ನಕ್ಕ.

"ಅಲ್ಲಾಡಿಸಬೇಡಿ ಸಾರ್, ಸುಕ್ಕಾಗುತ್ತೆ!" ಎಂದು ಗದರಿದಳು. ಒಳಗೊಳಗೇ ಅವಳ ಕಾಲು ನೆಲದ ಮೇಲಿರಲಿಲ್ಲ.

ಆಗಲೇ ಬ್ಯಾಗಿನಲ್ಲಿ ಫೋನ್ ಹೊಡೆದುಕೊಂಡಿತು. "ಅಕ್ಕ ಇರಬೇಕು, ಬಿಡಿ," ಎಂದಳು. "ಅರ್ಜೆಂಟ್ ಇದ್ರೆ?" ಎನ್ನುತ್ತ ಅವನು ಫೋನ್ ತೆಗೆದು ಅವಳ ಕಿವಿಗೆ ಹಿಡಿದ. ಅಕ್ಕನ ದನಿಗೆ ಸ್ಪೀಕರ್ ಬೇಕಿರಲಿಲ್ಲ.

"ಪುಟ್ಟೀ, ಅವರು ಕಾಯ್ತಿದ್ದಾರೆ ಕಣೇ. ನಿನಗೆ ಹುಡುಗ ಒಪ್ಪಿಗೆ ಅಂತ ಹೇಳಿಬಿಡ್ಲಾ?"

ಮೂಲೆ ಬಿಟ್ಟು ಹೊರಗೆ ಹೋಗಿ ಮಾತಾಡಬಹುದಿತ್ತು. ಅವಳು ಬಿಡಲಿಲ್ಲ. ಅವನು ನಗುವುದನ್ನು ನಿಲ್ಲಿಸಿ ನೆಲ ನೋಡುತ್ತಿದ್ದ. ಇನ್ನೊಂದು ಕೈಯಲ್ಲಿದ್ದ ಪಿನ್ನನ್ನು ಎಲ್ಲಿ ಚುಚ್ಚಬೇಕೆಂಬುದೇ ಅವನಿಗೆ ಮರೆತಂತಿತ್ತು. ಅದೇ ಅವಳಿಗೆ ಧೈರ್ಯ ಕೊಟ್ಟಿತು.

"ಬೇಡ ಅಕ್ಕ."

"ಯಾಕೆ? ಏನು ಕಮ್ಮಿ ಆಗಿದೆ ಅವನಿಗೆ?"

"ಏನೂ ಕಮ್ಮಿ ಇಲ್ಲ. ನನಗೆ ಬೇರೆಯವರು ಇಷ್ಟ. ಇಲ್ಲೇ ಪಕ್ಕದಲ್ಲೇ ಇದ್ದಾರೆ."

"ಹಾಗಾದ್ರೆ ಅವರ ಕೈಗೆ ಕೊಡು ಫೋನು," ಎಂದಳು ಅಕ್ಕ.

"ಅವರ ಕೈಯಲ್ಲೇ ಇದೆ ಅಕ್ಕ."

ಅವನು ಫೋನನ್ನು ತನ್ನ ಕಿವಿಗೆ ತಂದುಕೊಂಡು ಗಂಟಲು ಸರಿಮಾಡಿಕೊಂಡ. "ನಮಸ್ಕಾರ ಅಕ್ಕಾ. ನಿಮ್ಮ ತಂಗಿ ಕೈ ಸ್ವಲ್ಪ ಕೆಲಸದಲ್ಲಿದೆ. ಬಿಡುವಾದ ತಕ್ಷಣ ಇಬ್ಬರೂ ನೇರ ನಿಮ್ಮನೆಗೇ ಬರ್ತೀವಿ."

ಯಾರಿಗೆ ಕೈಮುಗಿಯಬೇಕೋ ಅವಳಿಗೆ ತೋಚಲಿಲ್ಲ, ಕೈಮುಗಿಯಲು ಕೈಗಳೂ ಖಾಲಿ ಇರಲಿಲ್ಲ. ಕಣ್ಣು ತುಂಬಿ ಬಂದದ್ದನ್ನು ಒರೆಸಿಕೊಳ್ಳುವ ಹಾಗೂ ಇರಲಿಲ್ಲ. ಅವನು ಫೋನ್ ಕೆಳಗಿಟ್ಟು, ಅಂಟು ತಾಗದ ಬೆರಳು ಯಾವುದೆಂದು ನೋಡಿಕೊಂಡು, ಮೆಲ್ಲಗೆ ತಾನೇ ಒರೆಸಿದ.