ಹೆಬ್ಬೆಟ್ಟು ನನ್ನದು

ಪಿರಿಯಾಪಟ್ಟಣದ ಬ್ಯಾಂಕಿನಲ್ಲಿ ನನಗೂ ನನ್ನ ಗಂಡನಿಗೂ ಜಂಟಿ ಖಾತೆ. ಹೊಗೆಸೊಪ್ಪು ಮುರಿದು ಮುರಿದು ಅವನ ಬೆರಳೆಲ್ಲ ಕಪ್ಪು ಅಂಟು. ಊರಿನ ಅಂಗಡಿಯಲ್ಲಿ ಹೆಬ್ಬೆಟ್ಟೊತ್ತಿ ದುಡ್ಡು ತೆಗೆಯುವ ಮಿಷನ್ ಅವನ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಹಾಗಾಗಿ ಒತ್ತುವ ಹೆಬ್ಬೆಟ್ಟು ನನ್ನದು, ನನ್ನ ಎಡಪಕ್ಕ ನಿಂತು ದುಡ್ಡಿಗೆ ಚಾಚುವ ಕೈ ಅವನದು. ಅವನು ಸಾಯುವ ತನಕ ಒಂದು ನೋಟೂ ನನ್ನ ಕೈ ಸೇರಲಿಲ್ಲ.

ತಿಥಿ ಕಳೆದ ಮೇಲೆ, ಮಟಮಟ ಮಧ್ಯಾಹ್ನ, ಮೊದಲ ಸಲ ಒಬ್ಬಳೇ ಅಂಗಡಿಗೆ ಹೋದೆ. ಮಿಷನ್ನಿನ ಗಾಜು ಬೆಚ್ಚಗಿತ್ತು, ಬೆರಳಿಗೆ ಅಂಟಿಕೊಂಡಿತು.

"ಸೊಪ್ಪು ಮುರ್ದು ಕೈ ತೊಳ್ದಿಲ್ವಾ ಅಕ್ಕ?" ಅಂದ ಅಂಗಡಿಯ ಮಹೇಶ್‌ಕುಮಾರ್.

"ಈ ಸಲ ಸೊಪ್ಪೇ ಆಕಿಲ್ಲ ಕಣೋ."

ಅವನು ಗಾಜು ಒರೆಸಿದ. ಮತ್ತೆ ಒತ್ತಿದೆ. ಮಿಷನ್ ಒಪ್ಪಿತು. ಮಹೇಶ ತಲೆಯೆತ್ತದೆ ನೋಟುಗಳನ್ನು ನನ್ನ ಎಡಪಕ್ಕಕ್ಕೆ ಚಾಚಿದ.

"ತಗಳಣ್ಣ."

"ಯಾರಿಗ್ಲಾ ಕೊಡ್ತಿದ್ದೀಯ?" ಅನ್ನುವಷ್ಟರಲ್ಲಿ ಅವನು ಕೈ ಬಿಟ್ಟಿದ್ದ.

ನೋಟುಗಳು ನೆಲಕ್ಕೆ ಬೀಳಲಿಲ್ಲ. ಇವತ್ತಿನವರೆಗೂ ನನ್ನ ಕೈಗೂ ಬಂದಿಲ್ಲ.